ಬ್ಯಾಂಡ್‌ಸೆಟ್ ಎಂದು ಮೂಗು ಮುರಿಯುವವರಿಗೆ

ಕಳೆದ ತಿಂಗಳು ನಮ್ಮ ಬಳಗದ ಸಭೆ ಮುಗಿದ ಮೇಲೆ, ಕಾಫಿಯ ಹೊತ್ತಿನಲ್ಲಿ, ಆಲ್ಫ್ರೆಡ್ ರೀಡ್ ಅವರ 'ಅರ್ಮೇನಿಯನ್ ಡಾನ್ಸಸ್' ಕೃತಿಯ ಮೊದಲ ಭಾಗವನ್ನು ಕೆಲವರಿಗೆ ಕೇಳಿಸಿದೆ. ಸುಮಾರು ಹನ್ನೊಂದು ನಿಮಿಷದ ಸಂಗೀತ. ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಹಿರಿಯರೊಬ್ಬರು ಲೋಟ ಕೆಳಗಿಟ್ಟು, "ಚೆನ್ನಾಗಿದೆಯಪ್ಪ, ಆದರೆ ಎಷ್ಟಾದರೂ ಬ್ಯಾಂಡ್‌ಸೆಟ್ ತಾನೆ!" ಎಂದರು. ಎಲ್ಲರೂ ನಕ್ಕರು. ಸಂಕೋಚದಿಂದ ನಾನೂ ನಕ್ಕೆ. ಆ ನಗುವಿಗೆ ಪ್ರಾಯಶ್ಚಿತ್ತವಾಗಿ ಈ ಬರಹ.

ದೆಹಲಿಯಲ್ಲಿರುವ ನಮಗೆ ಗಾಳಿವಾದ್ಯಗಳ ಮೇಳವೆಂದರೆ ಎರಡೇ ಚಿತ್ರಗಳು: ಮದುವೆಯ ಕುದುರೆಯ ಮುಂದೆ ಸಾಗುವ ತುತ್ತೂರಿ, ಮತ್ತು ಜನವರಿ 29ರ ಸಂಜೆ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್. ಎರಡರಲ್ಲೂ ಸಂಗೀತ ಇನ್ನೊಂದು ಕೆಲಸದ ಆಳು. ವರನನ್ನು ಕರೆತರಬೇಕು, ಇಲ್ಲವೇ ಹೆಜ್ಜೆಗೆ ಹೆಜ್ಜೆ ಕೂಡಿಸಬೇಕು. ಕುಳಿತು ಕೇಳುವುದಕ್ಕೆಂದೇ ಬರೆದ ಬ್ಯಾಂಡ್ ಸಂಗೀತವೊಂದು ಇದೆಯೆಂದರೆ, ಪಿಟೀಲು ಕೊಳ್ಳಲಾಗದ ಬಡವರ ಆರ್ಕೆಸ್ಟ್ರಾ ಎಂಬ ಅನುಕಂಪ ಹುಟ್ಟುತ್ತದೆ. ರೀಡ್ (1921–2005) ಜೀವನವಿಡೀ ಹೋರಾಡಿದ್ದು ಈ ಅನುಕಂಪದ ವಿರುದ್ಧ. ಕ್ಲಾರಿನೆಟ್ಟಿನ ಇಡೀ ಕುಟುಂಬವನ್ನು, ಅತಿ ಚಿಕ್ಕದರಿಂದ ನೆಲದಾಳದ ದನಿಯದರವರೆಗೆ, ವೇದಿಕೆಗೆ ತರಬೇಕೆಂದು ಅವರು ಹಟ ಹಿಡಿದರು. 1944ರಲ್ಲಿ, ಇಪ್ಪತ್ಮೂರರ ಪ್ರಾಯದಲ್ಲಿ, ಸೈನ್ಯದ ಬ್ಯಾಂಡಿನಲ್ಲಿದ್ದಾಗ ಬರೆದ 'ರಷ್ಯನ್ ಕ್ರಿಸ್‌ಮಸ್ ಮ್ಯೂಸಿಕ್' ಕೇಳಿದವರಿಗೆ ಪಿಟೀಲಿನ ನೆನಪು ಬಾರದು. ಅಲ್ಲಿ ಕೇಳುವುದು ಮನುಷ್ಯರ ಉಸಿರು, ಅದೂ ಹತ್ತಾರು ಎದೆಗಳಿಂದ ಒಟ್ಟಿಗೆ ಹೊರಟದ್ದು.

ಹಿರಿಯರ ಎರಡನೆಯ ಆಕ್ಷೇಪ ಇನ್ನೂ ಗಂಭೀರ. "ಜನಪದ ಗೀತೆಗಳನ್ನು ಜೋಡಿಸಿ ಶಾಲೆಯ ಮಕ್ಕಳು ನುಡಿಸುವಂತೆ ಮಾಡಿದರೆ ಅದು ರಚನೆಯೇ? ಜನಪ್ರಿಯವಾದದ್ದೂ ಅದಕ್ಕೇ." ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಈ ದನಿಯನ್ನು ನಾನು ಬಲ್ಲೆ. ಸ್ವಿನ್‌ಬರ್ನ್‌ನನ್ನು ನಾದವುಂಟು ಅರ್ಥವಿಲ್ಲ ಎಂದು ಎರಡು ವಾಕ್ಯದಲ್ಲಿ ಮುಗಿಸುತ್ತಿದ್ದರು. ಅದೇ ಸ್ವಿನ್‌ಬರ್ನ್‌ನಿಂದ ಹೆಸರನ್ನು ಪಡೆದು ರೀಡ್ 1980ರಲ್ಲಿ 'ದಿ ಹೌಂಡ್ಸ್ ಆಫ್ ಸ್ಪ್ರಿಂಗ್' ಬರೆದದ್ದು ಕೆನಡಾದ ಒಂದು ಪ್ರೌಢಶಾಲೆಯ ಬ್ಯಾಂಡಿಗಾಗಿ. ಮಕ್ಕಳಿಗಾಗಿ ಬರೆದದ್ದು ಎಂಬುದು ಯಾವ ನ್ಯಾಯದಲ್ಲಿ ದೋಷವಾಗುತ್ತದೆಯೋ ನನಗೆ ತಿಳಿಯದು.

ಜೋಡಣೆಯ ಮಾತಿಗೆ ಬರೋಣ. 'ಅರ್ಮೇನಿಯನ್ ಡಾನ್ಸಸ್'ನ ಹಾಡುಗಳು ಕೊಮಿತಾಸ್ ಎಂಬ ಪಾದ್ರಿಯ ಸಂಗ್ರಹದವು. 1869ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಅನಾಥನಾಗಿ, ಮಠದಲ್ಲಿ ಬೆಳೆದು, ಬರ್ಲಿನ್ನಿನಲ್ಲಿ ಸಂಗೀತಶಾಸ್ತ್ರ ಓದಿದಾತ. ಹಳ್ಳಿಹಳ್ಳಿ ಅಲೆದು, ಹೊಲದಲ್ಲಿ, ಕಣದಲ್ಲಿ, ಮದುವೆಮನೆಗಳಲ್ಲಿ ಸಾವಿರಾರು ಹಾಡುಗಳನ್ನು ಬರೆದುಕೊಂಡ. ನಮ್ಮಲ್ಲಿ ಹಲಸಂಗಿಯ ಗೆಳೆಯರು ಮಾಡಿದಂಥದೇ ಕೆಲಸ. ಆದರೆ ಗರತಿಯರ ಬಾಯಿಂದ ಹಾಡು ಬರೆದುಕೊಂಡವರನ್ನು ಇಲ್ಲಿ ಯಾರೂ ಗಡೀಪಾರು ಮಾಡಲಿಲ್ಲ. ಕೊಮಿತಾಸ್‌ನನ್ನು 1915ರ ಏಪ್ರಿಲ್ 24ರಂದು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅರ್ಮೇನಿಯನ್ ಬರಹಗಾರರು, ವೈದ್ಯರು, ವಕೀಲರ ಜತೆಗೆ ಬಂಧಿಸಿ ಒಳನಾಡಿಗೆ ಅಟ್ಟಿದರು. ಜೊತೆಯವರಲ್ಲಿ ಬಹುಮಂದಿ ಕೊಲೆಯಾದರು. ಈತ ಹಿಂದಿರುಗಿದ, ಮನಸ್ಸು ಹಿಂದಿರುಗಲಿಲ್ಲ. ಹಾಳೆಗಳು ಚದುರಿಹೋದವು. 1935ರಲ್ಲಿ ಪ್ಯಾರಿಸ್ಸಿನ ಮಾನಸಿಕ ಚಿಕಿತ್ಸಾಲಯದಲ್ಲಿ ತೀರಿಕೊಂಡ. ಆತ ಕಿವಿಗೊಟ್ಟ ಹಳ್ಳಿಗಳಲ್ಲಿ ಎಷ್ಟೋ ಈಗ ನಕ್ಷೆಯಲ್ಲೂ ಇಲ್ಲ.

ಅರ್ಮೇನಿಯನ್ ಮೂಲದ ಬ್ಯಾಂಡ್ ನಿರ್ದೇಶಕ ಹ್ಯಾರಿ ಬೆಗಿಯನ್ ಈ ಹಾಡುಗಳನ್ನು ರೀಡ್ ಅವರಿಗೆ ಪರಿಚಯಿಸಿದರು. 1973ರ ಜನವರಿಯಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಬ್ಯಾಂಡ್ ಬೆಗಿಯನ್ ಅವರ ನಿರ್ದೇಶನದಲ್ಲಿ ಮೊದಲ ಭಾಗವನ್ನು ನುಡಿಸಿತು. ಜರ್ದಾಳು ಮರದ ಹಾಡು ಹಿತ್ತಾಳೆಯ ಗಾಂಭೀರ್ಯದಿಂದ ತೆರೆದುಕೊಳ್ಳುತ್ತದೆ. ಹಿಂದೆಯೇ ಕೌಜುಗದ ಹಾಡು, ಕುಪ್ಪಳಿಸಿಕೊಂಡು. ಇದೊಂದು ಕೊಮಿತಾಸ್‌ನ ಸ್ವಂತದ್ದು. ಮೂರನೆಯದು, ಪ್ರಿಯತಮೆ ನಾಜಾನಳನ್ನು ಕರೆಯುವ ಹಾಡು, ಐದರ ಎಣಿಕೆಯಲ್ಲಿ ತೂಗುತ್ತದೆ. ಖಂಡಛಾಪು ಕೇಳಿ ಬೆಳೆದ ಕಿವಿಗೆ ಅಲ್ಲಿ ಪರಕೀಯತೆ ತೋರಬಾರದು. ನಮ್ಮ ಹಿರಿಯರು ಲೋಟ ಕೆಳಗಿಟ್ಟದ್ದು ಸರಿಯಾಗಿ ಅದರ ನಡುವೆ! ಅದಾದ ಮೇಲೆ ಅಲಗ್ಯಾಜ್ ಬೆಟ್ಟದ ವಿಶಾಲವಾದ ಹಾಡು, ಕಡೆಗೆ ನಗುತ್ತ ಓಡುವ 'ಗ್ನಾ ಗ್ನಾ'. ಇವನ್ನು ದಾರಕ್ಕೆ ಪೋಣಿಸಿದ ಹೂವೆನ್ನುವುದು ಅನ್ಯಾಯ. ಒಂದು ಹಾಡು ಮುಗಿಯುವ ಮೊದಲೇ ಮುಂದಿನದರ ಸುಳಿವನ್ನು ಇನ್ನೊಂದು ವಾದ್ಯದ ಕೈಗೆ ಕೊಡುವ ರೀತಿಯೇ ರಚನೆ.

ರೀಡ್ ಅವರ ಎಲ್ಲವನ್ನೂ ನಾನು ಸಮರ್ಥಿಸಲಾರೆ. ಇನ್ನೂರಕ್ಕೂ ಹೆಚ್ಚು ಕೃತಿ ಬರೆದವರಲ್ಲಿ ಪುನರುಕ್ತಿ ಇದೆ. ಕೊನೆಯ ಅರ್ಧ ನಿಮಿಷದಲ್ಲಿ ತಾಳ, ನಗಾರಿ, ತುತ್ತೂರಿಗಳನ್ನೆಲ್ಲ ಒಟ್ಟಿಗೆ ಬಿಟ್ಟು ಚಪ್ಪಾಳೆ ಗಿಟ್ಟಿಸುವ ಚಾಳಿಯೂ ಇದೆ. 'ಗ್ನಾ ಗ್ನಾ'ದ ಕೊನೆಗೂ ಆ ಮಾತು ಸಲ್ಲುತ್ತದೆ. ಜನಪ್ರಿಯತೆಯಿಂದ ಕೃತಿಗೆ ಆಗುವ ಹಾನಿಯೂ ನಿಜ. ಜಪಾನಿನ ಪ್ರೌಢಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಿ ನಿಗದಿತ ಕೃತಿ, ಐಚ್ಛಿಕ ಕೃತಿ ಎರಡೂ ಸೇರಿ 12 ನಿಮಿಷದೊಳಗೆ ಮುಗಿಯಬೇಕು. ಹಾಗಾಗಿ ಹನ್ನೊಂದು ನಿಮಿಷದ ಈ ಕೃತಿಗೆ ಕತ್ತರಿ ಬೀಳುತ್ತದೆ. ಪ್ರಾಣದ ಮೇಲೆ ಎರಗಿದ ಕಾಲವನ್ನು ದಾಟಿ ಬಂದ ಹಾಡು ಗಡಿಯಾರದ ಮುಂದೆ ಸೋಲುತ್ತದೆ. ಟೀಕೆಗೆ ಇಷ್ಟೆಲ್ಲ ಜಾಗವಿದೆ. ಆದರೆ ಟೀಕಿಸಬೇಕಾದರೆ ಕೊನೆಯವರೆಗೆ ಕೇಳಿರಬೇಕು. ಅಂದು ನಕ್ಕ ನಮ್ಮಲ್ಲಿ ಯಾರೂ ಅಲಗ್ಯಾಜ್‌ವರೆಗೆ ತಲುಪಿರಲಿಲ್ಲ.

ಕೃತಿಯ ಎರಡನೆಯ ಭಾಗ ಇದರ ಇಮ್ಮಡಿಯಷ್ಟು ದೀರ್ಘ. ಬೆಟ್ಟಗಳನ್ನು ತಂಗಾಳಿಗಾಗಿ ಬೇಡುವ ಹಾಡಿನಿಂದ ತೊಡಗಿ, ಲೋರಿ ಸೀಮೆಯ ನೇಗಿಲ ಹಾಡಿನಲ್ಲಿ ಮುಗಿಯುತ್ತದೆ. ಮುಂದಿನ ಸಭೆಯಲ್ಲಿ ಅದನ್ನು ಕೇಳಿಸಲು ಅನುಮತಿ ಕೇಳಿದ್ದೇನೆ. ಕಾಫಿಯನ್ನು ಮೊದಲೇ ಕೊಟ್ಟು ಮುಗಿಸಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ.