ಅಂಕ ಬಂತು, ಇನ್ನು ಯಾವ ದಾರಿ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಪುತ್ತೂರು, ಸುಳ್ಯ, ಕಡಬ ಕಡೆಯ ಮನೆಗಳಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: "ಸಯನ್ಸ್ ಸಿಕ್ಕಿತಾ?" 2025ರಲ್ಲಿ ಶೇ. 91.12 ಫಲಿತಾಂಶ ಪಡೆದು ರಾಜ್ಯಕ್ಕೇ ಪ್ರಥಮ ಬಂದದ್ದು ನಮ್ಮ ದಕ್ಷಿಣ ಕನ್ನಡ. ಅಂಕಕ್ಕೇನೂ ಬರವಿಲ್ಲ. ಮಗುವಿಗೆ ಯಾವುದು ಒಗ್ಗುತ್ತದೆ ಎಂದು ವಿಚಾರಿಸುವವರೇ ಕಡಿಮೆ.

ಈ ಕೊರತೆ ತುಂಬಲು ಮಾರ್ಗದರ್ಶನ ಶಿಬಿರಗಳಲ್ಲಿ ವ್ಯಕ್ತಿತ್ವದ ಪ್ರಶ್ನಾವಳಿ ಹಂಚುವುದುಂಟು. ಒಳ್ಳೆಯದೇ. ಆದರೆ ಎಲ್ಲಾ ಪ್ರಶ್ನಾವಳಿಗಳ ತೂಕ ಒಂದೇ ಅಲ್ಲ. ಜನರನ್ನು ಹದಿನಾರು ಬಗೆಯಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ ಬಹಳ ಹೆಸರುವಾಸಿ. ಅದನ್ನು ರೂಪಿಸಿದವರು ಅಮೆರಿಕದ ಒಬ್ಬ ತಾಯಿ ಮತ್ತು ಮಗಳು. ಕೆಲವು ವಾರ ಬಿಟ್ಟು ಪುನಃ ಉತ್ತರಿಸಿದರೆ ಹಲವರ 'ಬಗೆ'ಯೇ ಬದಲಾಗುತ್ತದೆ! ಕೆಲಸಕ್ಕೆ ಜನರನ್ನು ಆರಿಸಲು ಇದನ್ನು ಬಳಸಬಾರದೆಂದು ಅದರ ಪ್ರಕಾಶಕರೇ ಹೇಳುತ್ತಾರೆ. ಇದಕ್ಕಿಂತ ಗಟ್ಟಿಯಾದದ್ದು ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ವಿಚಾರ. ಕೈಕೆಲಸ, ಸಂಶೋಧನೆ, ಕಲೆ, ಜನಸೇವೆ, ವ್ಯವಹಾರ, ಲೆಕ್ಕಪತ್ರ ಎಂಬ ಆರು ಒಲವುಗಳನ್ನು ಅವರು ಗುರುತಿಸಿದರು. ಅದೂ ಒಲವನ್ನಷ್ಟೇ ಹೇಳುತ್ತದೆ, ಸಾಮರ್ಥ್ಯವನ್ನಲ್ಲ.

ನಮ್ಮಲ್ಲಿ ತೊಡಕಿರುವುದು ಮೊದಲನೆಯ ಒಲವಿನಲ್ಲೇ. ಯಂತ್ರ ಬಿಚ್ಚಿ ಜೋಡಿಸುವ, ತೋಟದಲ್ಲಿ ದಿನವಿಡೀ ದುಡಿಯಬಲ್ಲ ಹುಡುಗನ ಪ್ರಶ್ನಾವಳಿಯಲ್ಲಿ 'ಕೈಕೆಲಸ' ಎಂದು ಬಂದರೆ ಹೆತ್ತವರ ಮುಖ ಬಾಡುತ್ತದೆ. ಅದೇ ಹೆತ್ತವರು ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವವರನ್ನು ಹುಡುಕಿ ಊರೂರು ಫೋನ್ ಮಾಡುತ್ತಾರೆ. ಈಗ ಫೈಬರ್ ದೋಟಿ ಬಂದಿದೆ, ಮರ ಹತ್ತದೆ ನೆಲದಲ್ಲೇ ನಿಂತು ಅಡಿಕೆ ಕೊಯ್ಯಬಹುದು. ಇದು ಕಲಿತು ಮಾಡಬೇಕಾದ ಕಸುಬು, ಕಲಿತವನಿಗೆ ಬಿಡುವಿಲ್ಲ. ಆದರೂ ಮದುವೆಯ ಮಾತು ಬಂದಾಗ ಅವನ ಸಂಪಾದನೆಗಿಂತ ಬೆಂಗಳೂರಿನ ಸಣ್ಣ ಸಂಬಳವೇ ತೂಗುತ್ತದೆ. ಇದಕ್ಕೆ ಯಾವ ಪ್ರಶ್ನಾವಳಿಯಲ್ಲೂ ಮದ್ದಿಲ್ಲ.

ಇನ್ನೊಂದು ವಿಷಯ. ನೋಡದ ಕೆಲಸವನ್ನು ಮಗು 'ಇಷ್ಟ' ಎಂದು ಗುರುತು ಹಾಕುವುದು ಹೇಗೆ? ಪುತ್ತೂರಿನಲ್ಲೇ ಗೇರು ಸಂಶೋಧನಾ ನಿರ್ದೇಶನಾಲಯವಿದೆ, 1986ರಿಂದ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆಯಿದೆ. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಿವೆ. ಇವುಗಳ ಗೇಟು ದಾಟದ ಮಕ್ಕಳೇ ನಮ್ಮ ವಾಳೆಗಳಲ್ಲಿ ಹೆಚ್ಚು. ಮುಂದಿನ ರಜೆಯಲ್ಲಿ ಗುರಿಕಾರರು ಒಂಬತ್ತನೆಯ ತರಗತಿಯವರನ್ನು ಅನುಮತಿ ಪಡೆದು ಅಲ್ಲಿಗೆ ಕರೆದೊಯ್ಯಲಿ. ಒಂದು ದಿನ ದೋಟಿಯವರ ಜೊತೆಗೂ ನಿಲ್ಲಿಸಲಿ. ಪ್ರಶ್ನಾವಳಿ ಹಂಚುವುದು ಆಮೇಲೆ.