ಮೊದಲು ತಕ್ಕಡಿ, ಆಮೇಲೆ ಸೈಕಲು

ಕಳೆದ ವಾರ ಮಂಜೇಶ್ವರ ಕಡೆಯ ತರುಣರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಮಂಗಳೂರಿನಲ್ಲಿ ಉದ್ಯೋಗ. ಹೋಗುವಾಗ ಸುಮಾರು ಇಪ್ಪತ್ತು ಕಿಲೋಮೀಟರು, ಬರುವಾಗ ಮತ್ತೆ ಅಷ್ಟೇ. ಬಸ್ಸಿನಲ್ಲಿ ಜೋತುಬಿದ್ದು ಸಾಕಾಗಿದೆ, ಮೈ ಇಳಿಸಬೇಕೆಂದು ವೈದ್ಯರೂ ಹೇಳಿದ್ದಾರೆ. ಆದುದರಿಂದ ಸೈಕಲಿನಲ್ಲೇ ಹೋಗಿ ಬರುವ ಸಂಕಲ್ಪ ಮಾಡಿದ್ದಾರೆ. ಅವರ ತೂಕ 104 ಕಿಲೋ. ಒಂದು ಲಕ್ಷ ರೂಪಾಯಿ ಕೂಡಿಟ್ಟಿದ್ದಾರೆ. 'ಕೈಗೆಟಕುವ ಬೆಲೆಗೆ ಯಾವ ಕಾರ್ಬನ್ ಸೈಕಲು ಒಳ್ಳೆಯದು?' ಎಂಬುದು ಅವರ ಪ್ರಶ್ನೆ. ಪತ್ರಿಕೆಯವರಿಗೆ ಎಲ್ಲವೂ ಗೊತ್ತಿರುತ್ತದೆಂದು ನಂಬುವವರು ಈಗಲೂ ಉಳಿದಿದ್ದಾರೆಂಬುದು ನಮಗೆ ಸಮಾಧಾನದ ಸಂಗತಿ.

ಪ್ರಶ್ನೆ ಒಬ್ಬರದು. ಆದರೆ ಅಂಗಡಿಗಳಲ್ಲಿ ಅವರಿಗೆ ದೊರೆತ ಉತ್ತರಗಳನ್ನು ಕೇಳಿದ ಮೇಲೆ ಈ ವಿಷಯ ಬರೆಯತಕ್ಕದ್ದೆಂದು ನಮಗೆ ತೋರಿತು. ಒಂದು ಅಂಗಡಿಯವರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ನಿಮಗೆ ಸ್ಕೂಟರೇ ಒಳ್ಳೇದು ಮಾರಾಯ್ರೆ' ಎಂದು ನಕ್ಕರಂತೆ. ಇನ್ನೊಂದು ಅಂಗಡಿಯವರು ಥಳಥಳಿಸುವ ಒಂದು ಸೈಕಲನ್ನು ಮುಂದಿಟ್ಟು, 'ಏನೂ ಆಗುವುದಿಲ್ಲ, ಧೈರ್ಯವಾಗಿ ತಗೊಳ್ಳಿ' ಎಂದರಂತೆ. ನಿಮ್ಮ ತೂಕ ಎಷ್ಟು ಎಂದು ಇಬ್ಬರೂ ಕೇಳಲಿಲ್ಲ. ನಕ್ಕವರಿಗಿಂತ ಧೈರ್ಯ ಹೇಳಿದವರೇ ಹೆಚ್ಚು ಅಪಾಯಕಾರಿಗಳೆಂದು ನಮ್ಮ ಅಭಿಪ್ರಾಯ.

ಕಾರ್ಬನ್ ಎಂದರೇನೆಂಬುದನ್ನು ಮೊದಲು ಹೇಳಿಬಿಡೋಣ. ಕೂದಲಿಗಿಂತಲೂ ತೆಳುವಾದ ಇಂಗಾಲದ ಎಳೆಗಳನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ತೋಯಿಸಿ, ಪದರದ ಮೇಲೆ ಪದರವಿಟ್ಟು, ಅಚ್ಚಿನಲ್ಲಿ ಬಿಸಿಮಾಡಿ ಗಟ್ಟಿಗೊಳಿಸಿದ ವಸ್ತು ಅದು. ಅಡಿಕೆ ಮರದ ಸೀಳನ್ನು ಕಂಡವರಿಗೆ ಇದರ ಗುಣ ಬೇಗ ತಿಳಿದೀತು. ಉದ್ದಕ್ಕೆ ಇಟ್ಟರೆ ಅದು ಮನೆಯ ಮಾಡನ್ನೇ ಹೊರುತ್ತದೆ. ಎಳೆಯ ಗುಂಟ ಕತ್ತಿಯ ಬಾಯಿ ತಾಗಿದರೆ ಸೀಳಿಕೊಳ್ಳುತ್ತದೆ. ಕಾರ್ಬನ್ನಿನಲ್ಲಿ ಎಳೆಗಳನ್ನು ಬೇರೆ ಬೇರೆ ದಿಕ್ಕಿಗೆ ಹೊಂದಿಸುವುದರಲ್ಲಿಯೇ ತಯಾರಕರ ಜಾಣ್ಮೆಯೆಲ್ಲ ಇರುವುದು. ದಪ್ಪ ಮೈಯವರು ಕುಳಿತರೆ ಅದು ಮೊಟ್ಟೆಯ ಸಿಪ್ಪೆಯಂತೆ ಒಡೆಯುತ್ತದೆಂಬ ಮಾತು ಸುಳ್ಳು. ಬೋಯಿಂಗ್ 787 ವಿಮಾನದ ತೂಕದಲ್ಲಿ ಅರ್ಧದಷ್ಟು ಇಂತಹ ಎಳೆ-ಅಂಟುಗಳ ವಸ್ತುಗಳೇ ಇವೆ. ವಿಮಾನವನ್ನು ಹೊರುವ ವಸ್ತು ನಮ್ಮ ತರುಣರನ್ನು ಹೊರಲಾರದೆ?

ಹೊರುತ್ತದೆ. ಆದರೆ ಎಷ್ಟನ್ನು ಹೊರಬೇಕೆಂದು ಎಣಿಸಿ ಅದನ್ನು ಮಾಡಿದ್ದಾರೆಂಬುದು ಮುಖ್ಯ. ಸೈಕಲು ತಯಾರಕರು ತಮ್ಮ ಮಾದರಿಗಳಿಗೆ ಭಾರದ ಮಿತಿಯನ್ನು ಗೊತ್ತುಮಾಡಿರುತ್ತಾರೆ. ಹೆಸರಾಂತ ಕಂಪೆನಿಗಳ ರಸ್ತೆ ಸೈಕಲುಗಳಲ್ಲಿ ಅದು ಸಾಮಾನ್ಯವಾಗಿ 110ರಿಂದ 125 ಕಿಲೋವಿನ ಆಸುಪಾಸಿನಲ್ಲಿರುತ್ತದೆ. ಕೆಲವರು ಸವಾರನ ತೂಕವನ್ನಷ್ಟೇ ಹೇಳುತ್ತಾರೆ. ಹಲವರು ಸವಾರ, ಸೈಕಲು, ಚೀಲ ಎಲ್ಲವೂ ಸೇರಿದ ಒಟ್ಟು ತೂಕವನ್ನು ಹೇಳುತ್ತಾರೆ. ಈ ಭೇದವನ್ನು ಗಮನಿಸದವರು ಮೋಸಹೋಗುವುದು ಖಂಡಿತ. ನಮ್ಮ ತರುಣರ ಲೆಕ್ಕವನ್ನೇ ನೋಡಿ: ಮೈ 104, ಸೈಕಲು 9, ಬುತ್ತಿ, ನೀರು, ಬೀಗ, ಮಳೆಯಂಗಿ, ಬದಲಿ ಬಟ್ಟೆಯ ಚೀಲ 6. ಒಟ್ಟು 119. ಮಿತಿ 120 ಆದರೆ ಉಳಿದದ್ದು ಒಂದು ಕಿಲೋ. ಆಟಿಯ ಮಳೆಗೆ ಬಟ್ಟೆಬರೆ ನೆನೆದರೆ ಅದೂ ಮುಗಿಯಿತು. ಮಿತಿ 110 ಆದರೆ ಮನೆಯ ಅಂಗಳ ದಾಟುವ ಮೊದಲೇ ಮೀರಿಯಾಯಿತು.

ಈ ಮಿತಿಯನ್ನು ಎಲ್ಲಿ ಬರೆದಿರುತ್ತಾರೆ? ಪೆಟ್ಟಿಗೆಯೊಳಗಿನ ಪುಸ್ತಕದ ಮಧ್ಯದಲ್ಲೆಲ್ಲೋ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಓದಲಾಗದ ಕಾಗದಕ್ಕೆ ರುಜು ಹಾಕುವ ಅಭ್ಯಾಸ ಈ ನೆಲದ ಕನ್ನಡಿಗರಿಗೆ 1956ರಿಂದಲೂ ಇದೆ. ಆ ಕಥೆಯನ್ನು ಇಲ್ಲಿ ಎತ್ತಿದರೆ ಸೈಕಲು ಹಿಂದೆ ಉಳಿದೀತು. ಆದರೆ ಪ್ರಾಣಕ್ಕೆ ಸಂಬಂಧಿಸಿದ ಒಂದು ಅಂಕಿಯನ್ನು ಕೊಳ್ಳುವವನಿಗೆ ಅರ್ಥವಾಗುವ ಭಾಷೆಯಲ್ಲಿ ಬಿಲ್ಲಿನ ಮೇಲೆಯೇ ಬರೆದು ಕೊಡಲು ಅಂಗಡಿಯವರಿಗೆ ಏನು ಕಷ್ಟ? ತರುಣರು ಅದನ್ನು ಕೇಳಿ ಪಡೆಯಲೇಬೇಕು.

ಇನ್ನು, ಈ ಕಾರ್ಬನ್ನಿನಿಂದ ಆಗುವ ಲಾಭವಾದರೂ ಎಷ್ಟು? ಕಾರ್ಬನ್ ಫ್ರೇಮಿನ ತೂಕ ಒಂದು ಕಿಲೋವಿನ ಆಸುಪಾಸು. ಅಲ್ಯುಮಿನಿಯಮ್ಮಿನದು ಒಂದೂವರೆಯ ಹತ್ತಿರ. ಇಡೀ ಸೈಕಲನ್ನು ಹೋಲಿಸಿದರೂ ಒಂದೂವರೆ ಕಿಲೋ ಉಳಿದೀತು ಎನ್ನೋಣ. ಪಂದ್ಯದಲ್ಲಿ ಓಡುವ, ಅರುವತ್ತು ಕಿಲೋ ತೂಗುವ ಹುಡುಗನಿಗೆ ಅದು ದೊಡ್ಡ ಮಾತು. ಅಂತಹವರ ಸೈಕಲು 6.8 ಕಿಲೋಗಿಂತ ಹಗುರ ಇರಕೂಡದೆಂದು ಅಂತರರಾಷ್ಟ್ರೀಯ ಸೈಕಲು ಸಂಸ್ಥೆ 2000ದಿಂದ ನಿಯಮವನ್ನೇ ಮಾಡಿದೆ. ಆದರೆ 119 ಕಿಲೋ ಎಳೆಯುವವನಿಗೆ ಒಂದೂವರೆ ಕಿಲೋ ಎಂದರೆ ನೂರಕ್ಕೆ ಒಂದು ಚಿಲ್ಲರೆ. ಹತ್ತು ನಿಮಿಷದ ಏರಿನಲ್ಲಿ ಏಳೆಂಟು ಸೆಕೆಂಡು ಮುಂಚೆ ಗುಡ್ಡದ ತಲೆ ಮುಟ್ಟಬಹುದು. ಮಟ್ಟಸವಾದ ದಾರಿಯಲ್ಲಿ ತಡೆಯುವುದು ಗಾಳಿಯೇ ಹೊರತು ತೂಕವಲ್ಲವಾದುದರಿಂದ ಅಲ್ಲಿ ಅಷ್ಟೂ ಇಲ್ಲ. ಇದಕ್ಕಾಗಿ ಹತ್ತಾರು ಸಾವಿರ ಹೆಚ್ಚು ತೆರಬೇಕೆ?

ಭಾರದವರ ಸೈಕಲಿನಲ್ಲಿ ಮೊದಲು ಸೋಲುವುದು ಫ್ರೇಮಲ್ಲ, ಹಿಂದಿನ ಚಕ್ರ. ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅದರ ಮೇಲೆಯೇ. ಚಕ್ರ ಉರುಳುವಾಗ ನೆಲದ ಕಡೆಗೆ ಬಂದ ಸ್ಪೋಕಿನ ಬಿಗಿ ಸಡಿಲುತ್ತದೆ. ಮೇಲಕ್ಕೆ ಹೋದಾಗ ಮರಳಿ ಬಿಗಿಯುತ್ತದೆ. ದಿನಕ್ಕೆ ನಲುವತ್ತು ಕಿಲೋಮೀಟರು ತುಳಿದರೆ ಹೀಗೆ ಹತ್ತೊಂಬತ್ತು ಸಾವಿರ ಸಲ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಬಾಗಿಸಿ ಮುರಿಯುವುದಿಲ್ಲವೆ, ಹಾಗೆಯೇ ಒಂದು ದಿನ ಟಪ್ಪೆಂದು ಒಂದು ಸ್ಪೋಕು ಹೋಗುತ್ತದೆ. ಅದರ ಪಾಲಿನ ಭಾರ ನೆರೆಯ ಸ್ಪೋಕುಗಳಿಗೆ. ವಾರದಲ್ಲಿ ಇನ್ನೊಂದು.

ನಮ್ಮ ಹಿರಿಯರ ಕಪ್ಪು ಸೈಕಲನ್ನು ನೆನೆಸಿಕೊಳ್ಳಿ. ಮುಂದಿನ ಚಕ್ರಕ್ಕೆ 32 ಸ್ಪೋಕು, ಹಿಂದಿನದಕ್ಕೆ 40. ಸೈಕಲೇ ಇಪ್ಪತ್ತು ಕಿಲೋವಿನ ಹತ್ತಿರ ತೂಗುತ್ತಿತ್ತು. ಹಿಂದೆ ಅಕ್ಕಿ ಮೂಟೆ, ಮುಂದೆ ಮಗು, ನಡುವೆ ತುಳಿಯುವ ಅಪ್ಪ. ಕುಂಬಳೆಯಿಂದ ಬದಿಯಡ್ಕದ ಏರಿನಲ್ಲಿ ಇಳಿದು ತಳ್ಳಬೇಕಾಗುತ್ತಿತ್ತು, ನಿಜ. ಆದರೆ ಚಕ್ರ ಕೈಕೊಡುತ್ತಿರಲಿಲ್ಲ. ಇಂದಿನ ರಸ್ತೆ ಸೈಕಲುಗಳಲ್ಲಿ ಎಷ್ಟೋ ಮಾದರಿಗಳಿಗೆ ಮುಂದೆ 20, ಹಿಂದೆ 24 ಸ್ಪೋಕು ಮಾತ್ರ. ನೋಡಲು ಚೆಂದ. ನೂರು ಕಿಲೋ ದಾಟಿದವರಿಗೆ ಹಿಂದಿನ ಚಕ್ರದಲ್ಲಿ ಕನಿಷ್ಠ 32 ಬೇಕು, 36 ಸಿಕ್ಕಿದರೆ ಇನ್ನೂ ಲೇಸು. ಅದೂ ಕೈಯಲ್ಲಿ ಕಟ್ಟಿ, ಬಿಗಿಯನ್ನು ಸಮನಾಗಿ ಹೊಂದಿಸಿದ ಚಕ್ರವಾಗಿರಬೇಕು. ರಿಮ್ಮಿನ ಬೆಂಡ್ ತೆಗೆಯಬಲ್ಲ ಹಳೆಯ ಕೆಲಸಗಾರರು ನಮ್ಮ ಪೇಟೆಗಳಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರೆ. ಅವರನ್ನು ಹುಡುಕಿ ಮುನ್ನೂರು ಕಿಲೋಮೀಟರು ಓಡಿದ ಮೇಲೆ ಒಮ್ಮೆ ಚಕ್ರ ತೋರಿಸುವುದು ಬುದ್ಧಿವಂತಿಕೆ.

ಚಕ್ರದಷ್ಟೇ ಮುಖ್ಯ ಟಯರು. ಹೆದ್ದಾರಿ ಆರು ಪಥದ್ದಾದ ಮೇಲೆ ತಲಪಾಡಿಯ ಈಚೆಗೆ ಸೈಕಲಿನವರ ಪಾಲಿಗೆ ಬಂದದ್ದು ಸರ್ವೀಸ್ ರಸ್ತೆ. ಅದರ ಅಂಚಿನ ಚರಂಡಿ ಸ್ಲ್ಯಾಬುಗಳ ಸಂದುಗಳನ್ನು ಬಲ್ಲವರು ಬಲ್ಲರು. ಅಲ್ಲಿ 25 ಮಿಲಿಮೀಟರಿನ ಸಪುರ ಟಯರು ಹಾಕಿಕೊಂಡು ನೂರು ಕಿಲೋವಿನವರು ಹೊರಟರೆ ದಿನವೂ ಪಂಕ್ಚರ್. 32 ಮಿಲಿಮೀಟರು ಹಿಡಿಯುವಷ್ಟು ಎಡೆ ಫ್ರೇಮಿನಲ್ಲಿ ಇರಬೇಕು. ಇದನ್ನು ಮಾತಿನಲ್ಲಿ ನಂಬದೆ ಅಳತೆ ಕೇಳಿಯೇ ನೋಡಬೇಕು. ಇನ್ನೊಂದು ಸೂಕ್ಷ್ಮವನ್ನು ಅಂಗಡಿಗಳಲ್ಲಿ ಹೇಳುವವರು ಕಡಿಮೆ. ಈಚೆಗೆ ಕೆಲವು ಬೆಲೆಬಾಳುವ ರಿಮ್ಮುಗಳ ಒಳ ಅಂಚಿನಲ್ಲಿ ಟಯರನ್ನು ಹಿಡಿಯುವ ಕೊಕ್ಕೆಯೇ ಇರುವುದಿಲ್ಲ. ಅಂತಹವುಗಳಲ್ಲಿ ಗಾಳಿಯ ಒತ್ತಡ 72 ಪಿ.ಎಸ್.ಐ. ಮೀರಕೂಡದು. ಭಾರದವರು ಸಪುರ ಟಯರು ಹಾಕಿದರೆ ಅದಕ್ಕಿಂತ ಹೆಚ್ಚೇ ಗಾಳಿ ಬೇಕಾದೀತು. ಅಂದರೆ ಮಿತಿಯೊಳಗೆ ಗಾಳಿ ಹಾಕಿದರೆ ರಿಮ್ಮು ಗುಂಡಿಗೆ ಬಡಿಯುತ್ತದೆ, ಮೀರಿ ಹಾಕಿದರೆ ಟಯರು ಕಳಚಿಕೊಳ್ಳುವ ಭಯ. ಕೊಕ್ಕೆಯಿರುವ ಅಲ್ಯುಮಿನಿಯಮ್ ರಿಮ್ಮೇ ನಮ್ಮವರಿಗೆ ಸಾಕು.

ಮಳೆಯ ಮಾತನ್ನೂ ಹೇಳದೆ ವಿಧಿಯಿಲ್ಲ. ರಿಮ್ಮನ್ನು ಹಿಡಿಯುವ ಬ್ರೇಕು ನೀರಿನಲ್ಲಿ ತಡವಾಗಿ ಕಚ್ಚುತ್ತದೆ. ಮುರ ಮಣ್ಣಿನ ಕೆಸರು ಸೇರಿದರೆ ರಿಮ್ಮನ್ನೇ ಉಜ್ಜಿ ಸವೆಸುತ್ತದೆ. 119 ಕಿಲೋ ಇಳಿಜಾರಿನಲ್ಲಿ ಬರುವಾಗ ಬ್ರೇಕು ತಡವಾಗಿ ಕಚ್ಚುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಆದುದರಿಂದ ಡಿಸ್ಕ್ ಬ್ರೇಕೇ ಆಗಬೇಕು. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವಂತಹದ್ದು ಕೈಗೆಟಕಿದರೆ ಒಳ್ಳೆಯದು. ಮಡ್‌ಗಾರ್ಡು, ಕ್ಯಾರಿಯರು ಕೂರಿಸುವ ತೂತುಗಳು ಪಂದ್ಯದ ಮಾದರಿಯ ಕಾರ್ಬನ್ ಫ್ರೇಮುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಹಾಗಾದರೆ ಚೀಲ ಬೆನ್ನ ಮೇಲೆ, ಕೆಸರು ಚೀಲದ ಮೇಲೆ. ಕಚೇರಿಗೆ ಹೋಗುವವರಿಗೆ ಇದು ಸಣ್ಣ ತೊಂದರೆಯಲ್ಲ.

ಮೇಲಾಗಿ ನಾವಿರುವುದು ಕಡಲ ಕರೆಯಲ್ಲಿ. ಕಾರ್ಬನ್ ತಾನು ತುಕ್ಕು ಹಿಡಿಯುವುದಿಲ್ಲ. ಆದರೆ ಉಪ್ಪುನೀರಿನ ತೇವದಲ್ಲಿ ಅದಕ್ಕೆ ಅಂಟಿಕೊಂಡಿರುವ ಅಲ್ಯುಮಿನಿಯಮ್ಮನ್ನು ತಿನ್ನಿಸುತ್ತದೆ. ಸೀಟಿನ ಕಂಬ ಫ್ರೇಮಿನೊಳಗೆ ಕಚ್ಚಿಕೊಂಡು ಎರಡು ಮಳೆಗಾಲದಲ್ಲಿ ಜಪ್ಪಯ್ಯ ಎಂದರೂ ಬಾರದ ಸ್ಥಿತಿಗೆ ಬರಬಹುದು. ವರ್ಷಕ್ಕೆರಡು ಸಲ ಬಿಚ್ಚಿ, ಒರಸಿ, ಕಾರ್ಬನ್ನಿಗೆಂದೇ ಇರುವ ಪೇಸ್ಟು ಹಚ್ಚಿ ಕೂರಿಸಬೇಕು. ಕೂರಿಸುವಾಗ ನಟ್ಟು ಬಿಗಿಯುವುದಕ್ಕೂ ಮಿತಿಯಿದೆ. ಹಲವು ಕಡೆ 5 ನ್ಯೂಟನ್ ಮೀಟರು ಮಾತ್ರ. ಅದನ್ನು ಅಳೆಯುವ ಸ್ಪಾನರು ಬೇರೆಯೇ ಇದೆ. ಹಲ್ಲು ಕಚ್ಚಿ ತಿರುಗಿಸುವ ನಮ್ಮ ಪದ್ಧತಿ ಉಕ್ಕಿಗೆ ಸರಿ. ಕಾರ್ಬನ್ ಕೊಳವೆ ಒಳಗೇ ನುಜ್ಜಾಗುತ್ತದೆ, ಹೊರಗೆ ಬಣ್ಣ ಹಾಗೆಯೇ ಇರುತ್ತದೆ.

ಒಳಗೆ ಒಡೆದು ಹೊರಗೆ ಕಾಣಿಸದಿರುವ ಈ ಗುಣದಿಂದಾಗಿಯೇ ನಾವು ಸೆಕೆಂಡ್ ಹ್ಯಾಂಡ್ ಕಾರ್ಬನ್ ಸೈಕಲನ್ನು ಭಾರದವರು ಮುಟ್ಟಲೇಬಾರದೆನ್ನುತ್ತೇವೆ. ಉಕ್ಕು ಬಾಗಿ ಎಚ್ಚರಿಕೆ ಕೊಡುತ್ತದೆ. ಕಾರ್ಬನ್ನಿನಲ್ಲಿ ಎಚ್ಚರಿಕೆಗೂ ಮುರಿಯುವುದಕ್ಕೂ ನಡುವೆ ಸಮಯವೇ ಸಿಗದಿರಬಹುದು. ನಾಣ್ಯದಿಂದ ತಟ್ಟಿ ಸದ್ದು ಕೇಳುವ ಉಪಾಯವೊಂದಿದೆ. ಬೊದ್ದು ಸದ್ದು ಬಂದರೆ ಸಂಶಯಪಡಬಹುದು, ಬಾರದಿದ್ದರೆ ನಿಶ್ಚಿಂತೆ ಎನ್ನುವಂತಿಲ್ಲ. ಎಲ್ಲಿಂದಲೋ ಅಂಚೆಯಲ್ಲಿ ಬರುವ, ದೊಡ್ಡ ಹೆಸರಿನ ಚೀಟಿ ಅಂಟಿಸಿದ ಅಗ್ಗದ ಫ್ರೇಮುಗಳ ಬಗ್ಗೆಯಂತೂ ಹೇಳುವುದೇ ಬೇಡ.

ಹಾಗಾದರೆ ಆ ಒಂದು ಲಕ್ಷವನ್ನು ಏನು ಮಾಡಬೇಕು? ಹೆಸರಿರುವ ಕಂಪೆನಿಯ ಹೊಸ ಕಾರ್ಬನ್ ಸೈಕಲು ಅಷ್ಟಕ್ಕೆ ಸಿಗುವುದು ದುರ್ಲಭ. ಸಿಕ್ಕಿದರೂ ಫ್ರೇಮಿಗೆ ಹಾಕಿದ ಹಣವನ್ನು ತಯಾರಕರು ಚಕ್ರ, ಬ್ರೇಕು, ಗೇರುಗಳಲ್ಲಿ ಕಡಿತಮಾಡಿ ಸರಿದೂಗಿಸಿರುತ್ತಾರೆ. ಭಾರದವನಿಗೆ ಬೇಕಾದುದು ಅವೇ. ಅದೇ ಹಣಕ್ಕೆ, ಅದಕ್ಕಿಂತ ಕಡಿಮೆಗೂ, ಅಲ್ಯುಮಿನಿಯಮ್ ಫ್ರೇಮು, ಕಾರ್ಬನ್ನಿನ ಮುಂದಿನ ಫೋರ್ಕು, ಡಿಸ್ಕ್ ಬ್ರೇಕು ಇರುವ ಸೈಕಲು ಕೊಂಡು, ಮಿಕ್ಕ ಹಣದಲ್ಲಿ 32 ಸ್ಪೋಕಿನ ಹಿಂದಿನ ಚಕ್ರವೊಂದನ್ನು ಕಟ್ಟಿಸಬಹುದು. ಮುಂದೆ 34 ಹಲ್ಲಿನ ಸಣ್ಣ ಚಕ್ರ, ಹಿಂದೆ 32 ಅಥವಾ 34 ಹಲ್ಲಿನ ದೊಡ್ಡ ಚಕ್ರ ಇದ್ದರೆ ಗುಡ್ಡ ಹತ್ತಲು ಇಳಿಯಬೇಕಾಗಿಲ್ಲ. ಹ್ಯಾಂಡಲು ಸ್ವಲ್ಪ ಎತ್ತರಕ್ಕಿರಲಿ. ಹೊಟ್ಟೆ ಇರುವವರು ಬಗ್ಗಿ ತುಳಿದರೆ ಉಸಿರೇ ಮೇಲಕ್ಕೆ ಬರುವುದಿಲ್ಲ, ಇದನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲಿನ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಲಕ್ಷದ ಸೈಕಲಿಗೆ ಆರು ಸಾವಿರದಷ್ಟು ಉಳಿಯಬೇಕು. ಅದು ಬಿಲ್ಲಿನಲ್ಲಿ ಕಾಣುತ್ತದೆಯೆ ಎಂದು ನೋಡಿಯೇ ಹಣ ಕೊಡತಕ್ಕದ್ದು.

ಇಷ್ಟಾದರೂ ಕಾರ್ಬನ್ನೇ ಬೇಕೆನ್ನುವವರನ್ನು ತಡೆಯಲು ನಾವು ಯಾರು? ಹಣ ಇನ್ನಷ್ಟು ಕೂಡಲಿ, ಹೊಸದನ್ನೇ ಕೊಳ್ಳಲಿ, ಒಟ್ಟು ಮಿತಿ 125 ಕಿಲೋ ಇರುವ ಮಾದರಿಯನ್ನೇ ಆರಿಸಲಿ, ಆ ಅಂಕಿಯನ್ನು ಅಂಗಡಿಯವರಿಂದ ಬರೆಯಿಸಿಕೊಳ್ಳಲಿ. ಸರಿಯಾದ ಎಚ್ಚರಿಕೆ ಕೊಡದೆ ವಸ್ತು ಮಾರಿ ಅದರಿಂದ ಹಾನಿಯಾದರೆ ತಯಾರಕರನ್ನು ಹೊಣೆಯಾಗಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅವಕಾಶವಿದೆ. ಗಡಿಯವರಾದ ನಮಗೆ ಅದರಲ್ಲಿ ಇನ್ನೊಂದು ಅನುಕೂಲ: ಸೈಕಲು ಮಂಗಳೂರಿನಲ್ಲಿ ಕೊಂಡದ್ದಾದರೂ ದೂರನ್ನು ನಾವು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ.

ತರುಣರು ಎಲ್ಲವನ್ನೂ ಕೇಳಿ, ಒಂದು ಚೀಟಿಯಲ್ಲಿ 119 ಎಂದು ಬರೆದುಕೊಂಡು ಜೇಬಿಗೆ ಹಾಕಿದರು. ಶನಿವಾರ ಮತ್ತೆ ಅಂಗಡಿಗೆ ಹೋಗುವವರಿದ್ದಾರೆ. ಈ ಸಲ ಮೊದಲ ಪ್ರಶ್ನೆ ಅವರದೇ ಆಗಿರುತ್ತದಂತೆ.