ಆಗಸದ ಊಟವೂ ಪ್ರಸಾದವಾಗಲಿ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಲಿಂಗಕ್ಕೆ ಅರ್ಪಿತವಾದ ಪದಾರ್ಥವು ತನ್ನ ಪೂರ್ವಾಶ್ರಯವನ್ನು ಕಳೆದುಕೊಂಡು ಪ್ರಸಾದವಾಗುತ್ತದೆ. ಇಷ್ಟಲಿಂಗವು ಸದಾ ಅಂಗದ ಮೇಲಿರುವುದರಿಂದ ಈ ಅರ್ಪಣೆಗೆ ಗುಡಿಯ ಹಂಗಾಗಲಿ, ಸ್ಥಳದ ಕಟ್ಟಾಗಲಿ ಇಲ್ಲ. ಹೀಗಿರುವಾಗ 35,000 ಅಡಿ ಎತ್ತರದಲ್ಲಿ ಹಾರುವ ವಿಮಾನದಲ್ಲಿ ಭಕ್ತನ ಮುಂದೆ ಬರುವ ತಟ್ಟೆಯನ್ನು ಏನೆಂದು ತಿಳಿಯಬೇಕು?

ಈ ಪ್ರಶ್ನೆ ಭಂಕೂರಿನಂತಹ ಊರಿಗೂ ಈಗ ದೂರದ್ದಲ್ಲ. 2019ರ ನವೆಂಬರ್ 22ರಂದು ಕಲಬುರಗಿಯಲ್ಲಿಯೇ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಹೊರದೇಶದಲ್ಲಿ ನೆಲೆಸಿದ ಮಕ್ಕಳನ್ನು ಕಾಣಲು ಹೈದರಾಬಾದಿಗೆ ಹೋಗಿ ವಿಮಾನವೇರುವ ತಂದೆತಾಯಿಗಳು ಶಹಾಬಾದ, ವಾಡಿ ಸೀಮೆಯಲ್ಲಿಯೂ ಇದ್ದಾರೆ.

ಇಂತಹ ಪ್ರಯಾಣದಲ್ಲಿ ಮೊದಲು ಬೇಕಾದುದು ಅವಧಾನ. ವಿಮಾನ ಸಂಸ್ಥೆಗಳ ವಿಶೇಷ ಊಟದ ಪಟ್ಟಿಯಲ್ಲಿ ‘ಹಿಂದೂ ಮೀಲ್’ ಎಂಬ ಹೆಸರುಂಟು. ಅದು ಸಸ್ಯಾಹಾರವೆಂದು ಭಾವಿಸಿ ಕೇಳುವ ಭಕ್ತರಿದ್ದಾರೆ. ಆದರೆ ಅದರಲ್ಲಿ ದನದ ಮಾಂಸ ಇರುವುದಿಲ್ಲವೇ ಹೊರತು ಕೋಳಿ, ಕುರಿ, ಮೀನು ಇರಬಹುದು. ಶಾಕಾಹಾರಿಗಳಾದ ಲಿಂಗವಂತರು ‘ಏಷ್ಯನ್ ವೆಜಿಟೇರಿಯನ್ ಮೀಲ್’ ಎಂದೇ ಕೇಳಬೇಕು. ಸಾಮಾನ್ಯವಾಗಿ ಹೊರಡುವುದಕ್ಕೆ 24 ಗಂಟೆ ಮೊದಲೇ ತಿಳಿಸಿರಬೇಕು. ಭಾರತದ ಒಳನಾಡಿನ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲ. ಹೊರದೇಶದ ವಿಮಾನಗಳಲ್ಲಿ ಅದು ಕೇಳದೆಯೇ ಮುಂದೆ ಬರುತ್ತದೆ. ಬಿಟ್ಟಿ ಸಿಕ್ಕ ಮಾತ್ರಕ್ಕೆ ನೇಮ ಸಡಿಲವಾಗಲಾರದು.

ಇನ್ನು ಕೆಲವರು ಅಡುಗೆ ಮಾಡಿದವರು ಯಾರೋ ಎಂಬ ಶಂಕೆಯಿಂದಲೇ ತಟ್ಟೆಯನ್ನು ಮುಟ್ಟುವುದಿಲ್ಲ. ಇಲ್ಲಿ ಸೂಕ್ಷ್ಮ ವಿವೇಕ ಬೇಕು. ತಟ್ಟೆಯಲ್ಲಿ ಏನಿದೆಯೆಂದು ಕೇಳುವುದು ಆಚಾರ. ಅಟ್ಟವರ ಕುಲ ಯಾವುದೆಂದು ಶಂಕಿಸುವುದು ಜಾತಿಸೂತಕ. ಪಂಚಸೂತಕಗಳನ್ನು ಅಲ್ಲಗಳೆದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಎರಡನೆಯದು ಸಲ್ಲದು. ಭವಿಪಾಕವನ್ನು ಒಲ್ಲೆವೆಂಬ ನೇಮ ಹಿಡಿದವರೂ ಉಂಟು. ಅವರ ನೇಮ ಗೌರವಕ್ಕೆ ಅರ್ಹವಾದುದು. ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಅವರ ಬುತ್ತಿಗೆ ಸಾಕು. ಒಣ ಪದಾರ್ಥವಾದುದರಿಂದ ಕೆಡುವ ಭಯವೂ ಇಲ್ಲ. ಕೆಲವು ದೇಶಗಳಲ್ಲಿ ಹೊರಗಿನ ಆಹಾರಕ್ಕೆ ಕಟ್ಟುನಿಟ್ಟು ಇರುವುದರಿಂದ ಇಳಿಯುವ ಮುನ್ನವೇ ಅದನ್ನು ಮುಗಿಸುವುದು ಲೇಸು. ಆದರೆ ಆ ನೇಮವು ತಟ್ಟೆ ತಂದಿಟ್ಟವರ ಮೇಲಿನ ತಿರಸ್ಕಾರವಾಗಕೂಡದು.

ಎಲ್ಲಕ್ಕಿಂತ ದೊಡ್ಡ ಮಾತು ಉಳಿಕೆಯದು. ಮಠದ ಪಂಕ್ತಿಯಲ್ಲಿ ಒಂದಗುಳನ್ನೂ ಬಿಡದ ಭಕ್ತರು ವಿಮಾನದಲ್ಲಿ ಬ್ರೆಡ್ಡನ್ನೂ ಸಿಹಿಯನ್ನೂ ಅರ್ಧ ಮುಟ್ಟಿ ಬಿಟ್ಟೇಳುವುದುಂಟು. 2023ರಲ್ಲಿ ಜಗತ್ತಿನ ವಿಮಾನಗಳಿಂದ ಸುಮಾರು 36 ಲಕ್ಷ ಟನ್ ಕಸ ಬಂದಿತೆಂದು ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘವು ಅಂದಾಜಿಸಿದೆ. ಅದರಲ್ಲಿ ಶೇಕಡಾ 65ರಷ್ಟು ಅನ್ನಪಾನಗಳೇ. ಮುಚ್ಚಳ ತೆರೆಯದ ಊಟವನ್ನು ಹಸಿದವರಿಗೆ ಕೊಡಬಾರದೇ ಎಂದರೆ ಅದಕ್ಕೂ ಅಡ್ಡಿಯಿದೆ. ಪಶುರೋಗ ಹರಡದಿರಲೆಂದು ಹೊರದೇಶದಿಂದ ಬಂದ ವಿಮಾನದ ಆಹಾರವನ್ನು ಸುಡಬೇಕು ಇಲ್ಲವೇ ಆಳವಾಗಿ ಹೂಳಬೇಕು ಎಂಬ ನಿಯಮ ಅನೇಕ ದೇಶಗಳಲ್ಲಿದೆ. ಆದುದರಿಂದ ಒಮ್ಮೆ ವಿಮಾನವೇರಿದ ಊಟವು ಉಣ್ಣದೆ ಉಳಿದರೆ ಬಹುಮಟ್ಟಿಗೆ ಬೂದಿಯಾಗುತ್ತದೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನಿಲುವು ನೆನಪಾಗಬೇಕು. ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಕೆ ಹಿಗ್ಗಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದುಬರಲು ಹೇಳಿದಳು. ಬೇಡವಾದುದು ಮನೆಯೊಳಗೆ ನಿಲ್ಲುವ ಮೊದಲೇ ಅದನ್ನು ಹಿಂದಿರುಗಿಸಿದ್ದು ಅವಳ ಹಿರಿಮೆ. ವಿಮಾನ ಪ್ರಯಾಣಕ್ಕೂ ಇದೇ ದಾರಿ. ಹಸಿವಿಲ್ಲದವರು, ಬುತ್ತಿ ಕಟ್ಟಿಕೊಂಡವರು ಸಾಧ್ಯವಿದ್ದಲ್ಲಿ ಟಿಕೆಟ್ ಕೊಳ್ಳುವಾಗಲೇ ಊಟ ಬೇಡವೆನ್ನಬೇಕು. ತಟ್ಟೆ ಬಂದ ಮೇಲಾದರೆ, ಮುಚ್ಚಳ ತೆರೆಯುವ ಮೊದಲೇ ಒಲ್ಲೆನೆನ್ನಬೇಕು. ತೆರೆದ ಮೇಲೆ ಮುಗಿಸಬೇಕು.

ರುಚಿಯಿಲ್ಲವೆಂಬ ದೂರು ಸಾಮಾನ್ಯ. ವಿಮಾನದೊಳಗಿನ ಒಣ ಹವೆಯಲ್ಲಿ, ತಗ್ಗಿದ ಗಾಳಿಯ ಒತ್ತಡದಲ್ಲಿ ನಾಲಗೆಗೆ ಉಪ್ಪು, ಸಿಹಿ ಮಂದವಾಗುತ್ತವೆ. ತಪ್ಪು ಅಡುಗೆಯದ್ದೇ ಎನ್ನಲಾಗದು. ರುಚಿಯನ್ನೂ ಲಿಂಗಕ್ಕೆ ಒಪ್ಪಿಸಿದ ಪ್ರಸಾದಿಗೆ ಸಪ್ಪೆಯೆಂಬುದು ಕೊರತೆಯಾಗಲಾರದು.

ಭಂಕೂರಿನ ಮನೆಯಲ್ಲಿ ಕುಳಿತು ಉಣ್ಣುವಾಗ ಕಾಯುವ ಅರಿವನ್ನು ಆಗಸದಲ್ಲಿಯೂ ಕಾಯಬೇಕು. ಬೇಕಾದಷ್ಟನ್ನೇ ಕೇಳಿ, ಕಣ್ಮುಚ್ಚಿ ಒಂದು ಕ್ಷಣ ಲಿಂಗಕ್ಕೆ ಅರ್ಪಿಸಿ, ಉಳಿಸದೆ ಸ್ವೀಕರಿಸುವ ಭಕ್ತನಿಗೆ ವಿಮಾನದ ಕಿರಿಯ ತಟ್ಟೆಯೂ ಪ್ರಸಾದದ ತಟ್ಟೆಯೇ ಸರಿ.